ಲಕ್ಷದ ಗಡಿಯಾರಕ್ಕೂ ಐದು ಸೆಕೆಂಡಿನ ತಪ್ಪು

ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೊಂಡ ಸ್ವಿಸ್ ಕೈಗಡಿಯಾರ ದಿನಕ್ಕೆ ಐದು ಸೆಕೆಂಡು ಮುಂದೆ ಓಡುತ್ತದೆ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಬ್ಯಾಟರಿ ವಾಚು ಇಡೀ ತಿಂಗಳಲ್ಲಿ ಹದಿನೈದಿಪ್ಪತ್ತು ಸೆಕೆಂಡಿಗಿಂತ ಹೆಚ್ಚು ತಪ್ಪುವುದು ಅಪರೂಪ. ಇದನ್ನು ಮೊದಲ ಸಲ ಗಮನಿಸಿದ ಮಾಲೀಕನಿಗೆ ತಾನು ಮೋಸ ಹೋದೆನೆಂಬ ಅನುಮಾನ ಬರುವುದು ಸಹಜ. ಅಂಗಡಿಗೆ ಹೋಗಿ ಕೇಳಿದರೆ 'ಇದು ಸರಿಯಾಗಿಯೇ ಇದೆ ಸಾರ್' ಎಂಬ ಉತ್ತರ ಬರುತ್ತದೆ. ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಆದರೆ ಅಂಗಡಿಯವನು ಹೇಳಿದ್ದು ಬಹಳ ಸಲ ನಿಜವೇ ಆಗಿರುತ್ತದೆ. ಕೆಲವು ಸಲ ನಿಜವಲ್ಲ. ಯಾವಾಗ ನಿಜ, ಯಾವಾಗ ಅಲ್ಲ ಎಂದು ತಿಳಿಯಲು ಹೈಸ್ಕೂಲಿನ ಭೌತವಿಜ್ಞಾನ ಸಾಕು. ಸ್ಪ್ರಿಂಗು, ಘರ್ಷಣೆ, ಕಾಂತತ್ವ, ಒತ್ತಡ ಎಂಬ ನಾಲ್ಕು ಪಾಠಗಳು ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಡಬ್ಬಿಯೊಳಗೆ ಒಟ್ಟಿಗೆ ಕುಳಿತಿವೆ. ಆ ಪಾಠ ಬಾರದವನು ಕೆಡದ ಗಡಿಯಾರಕ್ಕೆ ಹಣ ಸುರಿಯುತ್ತಾನೆ, ಕೆಟ್ಟ ಗಡಿಯಾರವನ್ನು ಹಾಗೆಯೇ ಓಡಿಸಿ ಹಾಳು ಮಾಡುತ್ತಾನೆ.

ಮೊದಲು ಒಂದು ಲೆಕ್ಕ

ದಿನಕ್ಕೆ 86,400 ಸೆಕೆಂಡು. ಅದರಲ್ಲಿ 5 ಸೆಕೆಂಡು ತಪ್ಪಿದರೆ 17,280ರಲ್ಲಿ ಒಂದು ಪಾಲು ತಪ್ಪಿದಂತೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಅಷ್ಟು ದೂರವನ್ನು ಅಳೆಯುತ್ತ ಹೋದವನು ಕೊನೆಗೆ ಎಂಟು ಮೀಟರು ತಪ್ಪಿದರೆ ಅವನನ್ನು ಯಾರೂ ಬೈಯುವುದಿಲ್ಲ, ಬೆನ್ನು ತಟ್ಟುತ್ತಾರೆ. ಕೀ ಕೊಟ್ಟು ಓಡಿಸುವ ಗಡಿಯಾರ ಮಾಡುತ್ತಿರುವುದು ಅದೇ ಮಟ್ಟದ ಕೆಲಸ.

ಈ ಬಗೆಯ ಹೆಚ್ಚಿನ ಆಧುನಿಕ ಗಡಿಯಾರಗಳು ಗಂಟೆಗೆ 28,800 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ ಎಂಟು ಸಲ. ಒಂದು ದಿನಕ್ಕೆ 6,91,200 ಬಡಿತ. ನಮ್ಮ ಹೃದಯ ದಿನಕ್ಕೆ ಬಡಿಯುವುದು ಸುಮಾರು ಒಂದು ಲಕ್ಷ ಸಲ. ವರ್ಷಕ್ಕೆ ಲೆಕ್ಕ ಹಾಕಿದರೆ ಗಡಿಯಾರದ ಬಡಿತ 25 ಕೋಟಿ ದಾಟುತ್ತದೆ. ಅದಕ್ಕೆ ಭಾನುವಾರವಿಲ್ಲ, ಹಬ್ಬದ ರಜೆಯಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಕೋಸ್ಕ್ ಎಂಬ ಪರೀಕ್ಷಾ ಸಂಸ್ಥೆಯಿದೆ. ಗಡಿಯಾರದ ಯಂತ್ರಗಳನ್ನು ಅದು ಹದಿನೈದು ದಿನ ಪರೀಕ್ಷಿಸುತ್ತದೆ. ಐದು ಭಂಗಿಗಳಲ್ಲಿ ಇಟ್ಟು, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್ ಎಂಬ ಮೂರು ಉಷ್ಣತೆಗಳಲ್ಲಿ ನೋಡುತ್ತದೆ. ಸಾಮಾನ್ಯ ಗಾತ್ರದ ಯಂತ್ರದ ಸರಾಸರಿ ದಿನವಹಿ ಗತಿ 4 ಸೆಕೆಂಡು ಹಿಂದೆ ಮತ್ತು 6 ಸೆಕೆಂಡು ಮುಂದೆ, ಇವೆರಡರ ನಡುವೆ ಇದ್ದರೆ, ಉಳಿದ ಪರೀಕ್ಷೆಗಳಲ್ಲೂ ಗೆದ್ದರೆ, 'ಕ್ರೋನೋಮೀಟರ್' ಎಂಬ ಬಿರುದು. ಡಯಲ್ ಮೇಲೆ ಈ ಬಿರುದು ಹೊತ್ತ ಗಡಿಯಾರ ದಿನಕ್ಕೆ ಐದು ಸೆಕೆಂಡು ಮುಂದೆ ಓಡಿದರೆ ಅದು ಪರೀಕ್ಷೆಯಲ್ಲಿ ಪಾಸಾದ ಗಡಿಯಾರವೇ. ದೂರು ಕೊಡುವುದಕ್ಕೆ ಆಧಾರವಿಲ್ಲ.

ಹಾಗಾದರೆ ಅಗ್ಗದ ವಾಚು ಹೇಗೆ ಗೆದ್ದಿತು? 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಕ್ವಾರ್ಟ್ಸ್ ಹರಳಿಗೆ ವಿದ್ಯುತ್ ಹಾಯಿಸಿದರೆ ಅದು ಬಹಳ ಸ್ಥಿರವಾದ ವೇಗದಲ್ಲಿ ಕಂಪಿಸುತ್ತದೆ. ಇಂದಿನ ವಾಚುಗಳಲ್ಲಿ ಸೆಕೆಂಡಿಗೆ 32,768 ಕಂಪನ. ಈ ವಿಚಿತ್ರ ಸಂಖ್ಯೆಯನ್ನು ಎರಡರಿಂದ ಹದಿನೈದು ಸಲ ಭಾಗಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದೇ ಸೆಕೆಂಡು ಮುಳ್ಳಿನ ಒಂದು ಹೆಜ್ಜೆ. ಸೆಕೆಂಡಿಗೆ ಎಂಟು ಸಲ ಬಡಿಯುವ ಲೋಹದ ಚಕ್ರ ಇದರೊಂದಿಗೆ ಪೈಪೋಟಿ ಮಾಡಲಾರದು. 1970ರ ಸುಮಾರಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಸುಮಾರು 90 ಸಾವಿರ ಜನ ದುಡಿಯುತ್ತಿದ್ದರು. ಎಂಬತ್ತರ ದಶಕದ ಕೊನೆಯ ವೇಳೆಗೆ ಆ ಸಂಖ್ಯೆ 30 ಸಾವಿರದ ಆಸುಪಾಸಿಗೆ ಇಳಿದಿತ್ತು.

ಉಳಿದವರು ಒಂದು ಹೊಸ ದಾರಿ ಹಿಡಿದರು. ಕೀ ಕೊಡುವ ಗಡಿಯಾರವನ್ನು ಸಮಯ ನೋಡುವ ಅಗತ್ಯದ ವಸ್ತುವಾಗಿ ಅಲ್ಲ, ಕೈಕೆಲಸದ ಕುಶಲ ವಸ್ತುವಾಗಿ, ಆಭರಣವಾಗಿ ಮಾರತೊಡಗಿದರು. ಆದ್ದರಿಂದ ಇಂಥ ಗಡಿಯಾರಕ್ಕೆ ಕೊಡುವ ಬೆಲೆ ನಿಖರತೆಯ ಬೆಲೆಯಲ್ಲ. ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಒಳಗಿರುವುದೇನು

ಸುರುಳಿ ಸುತ್ತಿದ ಮುಖ್ಯ ಸ್ಪ್ರಿಂಗಿನಲ್ಲಿ ಶಕ್ತಿ ಸಂಗ್ರಹವಾಗಿರುತ್ತದೆ. ಹಲ್ಲಿನ ಚಕ್ರಗಳ ಸಾಲು ಆ ಶಕ್ತಿಯನ್ನು ಮುಂದಕ್ಕೆ ಸಾಗಿಸುತ್ತದೆ. ಅದನ್ನು ಹಾಗೇ ಬಿಟ್ಟರೆ ಸ್ಪ್ರಿಂಗು ಕ್ಷಣದಲ್ಲಿ ಬಿಚ್ಚಿಕೊಂಡು ಮುಳ್ಳುಗಳು ಬುಗುರಿಯಂತೆ ತಿರುಗಿಬಿಡುತ್ತವೆ. ಹಾಗಾಗದಂತೆ ಶಕ್ತಿಯನ್ನು ಒಂದೊಂದೇ ಹನಿಯಾಗಿ ಬಿಡುವ ಕಾವಲುಗಾರ ಎಸ್ಕೇಪ್‌ಮೆಂಟ್. ಈ ಕಾವಲುಗಾರನಿಗೆ 'ಈಗ ಬಿಡು, ಈಗ ಹಿಡಿ' ಎಂದು ಅಪ್ಪಣೆ ಕೊಡುವುದು ಬ್ಯಾಲನ್ಸ್ ಚಕ್ರ. ಅದರ ನಡುವೆ ಕೂದಲಿನಂಥ ತೆಳುವಾದ ಸುರುಳಿ, ಹೇರ್ ಸ್ಪ್ರಿಂಗ್. ಚಕ್ರ ಒಂದು ಕಡೆಗೆ ತಿರುಗಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ, ಜಡತ್ವದಿಂದ ಚಕ್ರ ಇನ್ನೊಂದು ಕಡೆಗೆ ದಾಟುತ್ತದೆ, ಸ್ಪ್ರಿಂಗು ಮತ್ತೆ ಎಳೆಯುತ್ತದೆ. ಉಯ್ಯಾಲೆಯ ಆಟವೇ. ಭೂಮಿಯ ಸೆಳೆತದ ಬದಲು ಸ್ಪ್ರಿಂಗಿನ ಸೆಳೆತ, ಅಷ್ಟೇ.

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1675ರಲ್ಲಿ ಈ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸಿದ. ಅದು ಮೊದಲು ಹೊಳೆದದ್ದು ತನಗೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಜಗಳ ತೆಗೆದ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ಅದು ಹಿಂದಕ್ಕೆಳೆಯುತ್ತದೆ ಎಂಬ, ಪಠ್ಯಪುಸ್ತಕದಲ್ಲಿ ಎಲ್ಲರೂ ಓದುವ ನಿಯಮ ಇದೇ ಹುಕ್‌ನದು.

ಬಿಸಿಲಿಗೆ ಉಕ್ಕಿನ ಸ್ಪ್ರಿಂಗು ಸಡಿಲವಾಗುತ್ತದೆ, ಚಳಿಗೆ ಬಿಗಿಯಾಗುತ್ತದೆ. ಇದಕ್ಕೆ ಪರಿಹಾರ ಕಂಡವನು ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಎಡ್ವರ್ಡ್ ಗಿಯೋಮ್. ಗಡಿಯಾರ ಮಾಡುವ ಕುಟುಂಬದಲ್ಲಿ ಹುಟ್ಟಿದ ಈತ ಕಬ್ಬಿಣ ಮತ್ತು ನಿಕ್ಕಲ್‌ನ ಮಿಶ್ರಲೋಹಗಳನ್ನು ಕಂಡುಹಿಡಿದ. ಉಷ್ಣತೆ ಬದಲಾದರೂ ಇವು ಬಹಳ ಕಡಿಮೆ ಬದಲಾಗುತ್ತವೆ. 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಈತನಿಗೆ ಸಂದಿತು. ಐನ್‌ಸ್ಟೈನ್‌ಗೆ ಬಹುಮಾನ ಬಂದದ್ದು ಅದರ ಮುಂದಿನ ವರ್ಷದ ಲೆಕ್ಕದಲ್ಲಿ.

ಕಾಯಿಲೆಯಲ್ಲದ ಕಾಯಿಲೆ

ರಿಪೇರಿಗೆ ಬರುವ ದೂರುಗಳಲ್ಲಿ ಒಂದು, 'ಗಡಿಯಾರ ನಿಂತುಹೋಗುತ್ತದೆ.' ಆಟೋಮ್ಯಾಟಿಕ್ ಗಡಿಯಾರದಲ್ಲಿ ಒಂದು ಭಾರದ ತಟ್ಟೆ ಕೈಯ ಅಲುಗಾಟಕ್ಕೆ ತಿರುಗಿ ಸ್ಪ್ರಿಂಗಿಗೆ ತಾನೇ ಕೀ ಕೊಡುತ್ತದೆ. ಆದರೆ ಮಾಲೀಕ ದಿನವಿಡೀ ಕುರ್ಚಿಯಲ್ಲಿ ಕುಳಿತವನಾದರೆ, ಅಥವಾ ಮದುವೆ ಮುಂಜಿಗೆ ಮಾತ್ರ ಕಟ್ಟುವವನಾದರೆ, ತಟ್ಟೆ ತಿರುಗುವುದೆಲ್ಲಿಂದ? ಹಲವು ಗಡಿಯಾರಗಳು ಪೂರ್ತಿ ಕೀ ತುಂಬಿದ ಮೇಲೆ ಓಡುವುದು ನಲವತ್ತು ಗಂಟೆಯ ಆಸುಪಾಸು. ಶನಿವಾರ ಸಂಜೆ ಬಿಚ್ಚಿಟ್ಟದ್ದು ಸೋಮವಾರ ಮಧ್ಯಾಹ್ನ ನಿಂತಿದ್ದರೆ ಅದು ರೋಗವಲ್ಲ, ಹಸಿವು. ಗುಂಡಿಯನ್ನು ಕೈಯಿಂದ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ಒಂದು ದಿನ ನೋಡಿದ ಮೇಲೆ ರಿಪೇರಿಯ ಮಾತು.

ಒಮ್ಮೆಲೇ ಓಟ ಕಿತ್ತರೆ

ನಿನ್ನೆಯವರೆಗೆ ಸರಿಯಿದ್ದ ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಅಯಸ್ಕಾಂತವನ್ನು. ಮೊಬೈಲಿನ ಸ್ಪೀಕರಿನಲ್ಲಿ, ಕೈಚೀಲದ ಗುಂಡಿಯಲ್ಲಿ, ಟ್ಯಾಬ್ಲೆಟ್ ಮುಚ್ಚಳದಲ್ಲಿ, ಫ್ರಿಜ್ ಬಾಗಿಲಿನಲ್ಲಿ ಇಂದು ಅಯಸ್ಕಾಂತಗಳಿವೆ. ಉಕ್ಕಿನ ಜಾತಿಯ ಹೇರ್ ಸ್ಪ್ರಿಂಗ್ ಕಾಂತತ್ವ ಹಿಡಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಕೆಲಸ ಮಾಡುವ ಸ್ಪ್ರಿಂಗಿನ ಉದ್ದ ಕಡಿಮೆಯಾದಂತೆ. ಗಿಡ್ಡ ಸ್ಪ್ರಿಂಗು ಬಿಗಿ, ಬಿಗಿ ಸ್ಪ್ರಿಂಗು ಬೇಗ ಎಳೆಯುತ್ತದೆ, ಬಡಿತ ಹೆಚ್ಚುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಶಾಲೆಯ ಪ್ರಯೋಗದ ಪೆಟ್ಟಿಗೆಯಲ್ಲಿರುವ ಸಣ್ಣ ದಿಕ್ಸೂಚಿ ಸಾಕು. ಗಡಿಯಾರವನ್ನು ಸೂಜಿಯ ಹತ್ತಿರ ನಿಧಾನವಾಗಿ ತಂದು ಬೇರೆ ಬೇರೆ ಕಡೆಯಿಂದ ತೋರಿಸಬೇಕು. ಸೂಜಿ ಬರಿದೇ ಆಕರ್ಷಿತವಾದರೆ ಏನೂ ಸಾಬೀತಾಗುವುದಿಲ್ಲ, ಯಾವ ಕಬ್ಬಿಣದ ಚೂರಾದರೂ ಸೂಜಿಯನ್ನು ಎಳೆಯುತ್ತದೆ. ಸೂಜಿಯ ಒಂದು ತುದಿ ದೂರ ಸರಿದರೆ ಮಾತ್ರ ಗಡಿಯಾರ ಕಾಂತತ್ವ ಹಿಡಿದಿದೆ ಎಂದು ಖಚಿತ. ವಿಕರ್ಷಣೆಯೇ ಕಾಂತತ್ವದ ಖಚಿತ ಪರೀಕ್ಷೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಾಕ್ಯ ಇಲ್ಲಿ ಹಣ ಉಳಿಸುತ್ತದೆ.

ಚಿಕಿತ್ಸೆ ಸುಲಭ. ಪರ್ಯಾಯ ವಿದ್ಯುತ್ ಹರಿಯುವ ತಂತಿ ಸುರುಳಿಯ ಬಳಿ ಗಡಿಯಾರ ಹಿಡಿದು ನಿಧಾನವಾಗಿ ದೂರ ಸರಿಸುತ್ತಾರೆ. ಕಾಂತಕ್ಷೇತ್ರ ಸೆಕೆಂಡಿಗೆ ಹತ್ತಾರು ಸಲ ದಿಕ್ಕು ಬದಲಿಸುತ್ತ ಕ್ಷೀಣಿಸುವುದರಿಂದ ಲೋಹದೊಳಗಿನ ವ್ಯವಸ್ಥೆ ಚದುರುತ್ತದೆ. ರಿಪೇರಿಯವನ ಮೇಜಿನ ಮೇಲೆ ಇದು ಒಂದೆರಡು ನಿಮಿಷದ ಕೆಲಸ. ಇಷ್ಟಕ್ಕೇ 'ಪೂರ್ತಿ ಸರ್ವೀಸ್ ಆಗಬೇಕು' ಎನ್ನುವವನನ್ನು 'ಮೊದಲು ಕಾಂತತ್ವ ತೆಗೆದು ನೋಡಿ' ಎಂದು ಕೇಳುವ ಹಕ್ಕು ಮಾಲೀಕನಿಗಿದೆ.

ತಯಾರಕರೂ ಸುಮ್ಮನೆ ಕುಳಿತಿಲ್ಲ. ರೋಲೆಕ್ಸ್ ಕಂಪನಿ ವಿದ್ಯುತ್ ಯಂತ್ರಗಳ ನಡುವೆ ಕೆಲಸ ಮಾಡುವವರಿಗಾಗಿ ಐವತ್ತರ ದಶಕದಲ್ಲೇ 1,000 ಗೌಸ್ ತಡೆಯುವ ಮಿಲ್ಗೌಸ್ ಗಡಿಯಾರ ತಂದಿತ್ತು. ಒಮೇಗಾ 2013ರಲ್ಲಿ 15,000 ಗೌಸ್‌ಗೂ ಜಗ್ಗದ ಯಂತ್ರ ತೋರಿಸಿತು. ಸಿಲಿಕಾನ್‌ನಿಂದ ಮಾಡಿದ ಸ್ಪ್ರಿಂಗಿಗೆ ಅಯಸ್ಕಾಂತದ ಭಯವೇ ಇಲ್ಲ. ಆದರೆ ಅದಕ್ಕೂ ಒಂದು ಕೊರತೆ ಇದೆ. ಲೋಹದ ಸ್ಪ್ರಿಂಗು ಸೊಟ್ಟಗಾದರೆ ನುರಿತ ಕೈ ಚಿಮುಟದಿಂದ ತಿದ್ದಬಲ್ಲದು. ಸಿಲಿಕಾನ್ ಗಾಜಿನಂತೆ, ಬಗ್ಗಿಸಿದರೆ ಮುರಿಯುತ್ತದೆ. ಹೊಸದನ್ನೇ ಹಾಕಬೇಕು, ಅದನ್ನು ತಯಾರಕನೇ ಕೊಡಬೇಕು.

ಮೆಲ್ಲಗೆ ಬರುವ ರೋಗ

ಎರಡನೆಯ ರೋಗ ಸದ್ದಿಲ್ಲದೆ ಬರುತ್ತದೆ. ಗಡಿಯಾರದೊಳಗೆ ಅಲ್ಲಲ್ಲಿ ಸೂಜಿಮೊನೆಯಷ್ಟು ಎಣ್ಣೆ ಇಟ್ಟಿರುತ್ತಾರೆ. ಚಕ್ರಗಳ ಅಚ್ಚಿನ ತುದಿಗಳು ಕೃತಕ ಮಾಣಿಕ್ಯದ ಕುಳಿಗಳಲ್ಲಿ ತಿರುಗುತ್ತವೆ. ಡಯಲ್ ಮೇಲೆ '17 ಜ್ಯುಯೆಲ್ಸ್' ಎಂದು ಬರೆದಿರುವುದು ಈ ಹರಳುಗಳ ಲೆಕ್ಕ, ಒಡವೆಯ ಲೆಕ್ಕವಲ್ಲ. ಫ್ರಾನ್ಸಿನ ಅಗಸ್ಟ್ ವರ್ನ್ಯೂಯಿಲ್ 1902ರಲ್ಲಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಇವು ಬಹಳ ಅಗ್ಗವಾದವು. ಹಳೆಯ ವಾಚಿನಿಂದ ಕೆಂಪು ಹರಳು ಕಿತ್ತು ಮಾರುವ ಆಸೆ ಯಾರೂ ಇಟ್ಟುಕೊಳ್ಳಬೇಕಿಲ್ಲ.

ವರ್ಷಗಳು ಕಳೆದಂತೆ ಎಣ್ಣೆ ಗಟ್ಟಿಯಾಗುತ್ತದೆ, ಹರಿದುಹೋಗುತ್ತದೆ, ಧೂಳಿನೊಂದಿಗೆ ಸೇರಿ ಅಂಟಾಗುತ್ತದೆ. ಘರ್ಷಣೆ ಹೆಚ್ಚಿ ಬ್ಯಾಲನ್ಸ್ ಚಕ್ರದ ತೂಗಾಟ ಕುಗ್ಗುತ್ತದೆ. ಆರೋಗ್ಯವಂತ ಗಡಿಯಾರ ಪೂರ್ತಿ ಕೀ ಕೊಟ್ಟಾಗ ಒಂದು ಕಡೆಗೆ 270ರಿಂದ 300 ಡಿಗ್ರಿಯವರೆಗೆ ತಿರುಗುತ್ತದೆ. ಅದು 200 ಡಿಗ್ರಿಗೆ ಇಳಿದಿದ್ದರೆ ಒಳಗೆ ತೊಂದರೆಯಿದೆ. ಕಪಟ ಇರುವುದು ಇಲ್ಲೇ. ಈ ಸ್ಥಿತಿಯಲ್ಲೂ ಗಡಿಯಾರ ಓಡುತ್ತಿರುತ್ತದೆ. 'ಓಡುತ್ತಿದೆಯಲ್ಲ, ಯಾಕೆ ಬಿಚ್ಚಿಸಬೇಕು?' ಎಂದು ಮಾಲೀಕ ಹತ್ತು ಹನ್ನೆರಡು ವರ್ಷ ತಳ್ಳುತ್ತಾನೆ. ಅಷ್ಟರಲ್ಲಿ ಒಣಗಿದ ಅಚ್ಚುಗಳು ಉಜ್ಜಿ ಸವೆದಿರುತ್ತವೆ. ತೊಳೆದು ಎಣ್ಣೆ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ ಭಾಗಗಳನ್ನೇ ಬದಲಿಸುವ ಕೆಲಸವಾಗುತ್ತದೆ. ಎಣ್ಣೆ ಬದಲಿಸದೆ ಮೋಟರ್ ಸೈಕಲ್ ಓಡಿಸಿದವರಿಗೆ ಈ ಕಥೆ ಹೊಸದಲ್ಲ. ಸರ್ವೀಸಿನ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ. ಐದು ವರ್ಷದಿಂದ ಹತ್ತು ವರ್ಷದವರೆಗೆ ಹೇಳುವವರಿದ್ದಾರೆ. ಜೊತೆಗೆ ಬಂದ ಪುಸ್ತಕದಲ್ಲಿ ಬರೆದದ್ದೇ ಪ್ರಮಾಣ.

ಎಣ್ಣೆಯ ಕಾಟ ತಪ್ಪಿಸಲು ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಎಪ್ಪತ್ತರ ದಶಕದಲ್ಲಿ ಹೊಸ ಬಗೆಯ ಎಸ್ಕೇಪ್‌ಮೆಂಟ್ ರೂಪಿಸಿದ. ಹೆಸರು ಕೋ-ಆಕ್ಸಿಯಲ್. ಹಳೆಯ ವಿಧಾನದಲ್ಲಿ ಚಕ್ರದ ಹಲ್ಲು ಹರಳಿನ ಮೇಲೆ ಜಾರುತ್ತ ತಳ್ಳುತ್ತದೆ. ಜಾರುವುದೆಂದರೆ ಘರ್ಷಣೆ, ಘರ್ಷಣೆಯೆಂದರೆ ಎಣ್ಣೆ. ಡೇನಿಯಲ್ಸ್‌ನ ವಿಧಾನದಲ್ಲಿ ಜಾರುವುದು ಬಹಳ ಕಡಿಮೆ. ಸ್ವಿಸ್ ಕಂಪನಿಗಳ ಬಾಗಿಲು ತಟ್ಟುತ್ತ ವರ್ಷಗಳೇ ಕಳೆದ ಮೇಲೆ 1999ರಲ್ಲಿ ಒಮೇಗಾ ಅದನ್ನು ಮಾರುಕಟ್ಟೆಗೆ ತಂದಿತು. ಮೊದಲ ಯಂತ್ರಗಳು ಗಂಟೆಗೆ 28,800 ಬಡಿತದವು. ಕೆಲವು ವರ್ಷಗಳಲ್ಲೇ ಅದನ್ನು 25,200ಕ್ಕೆ ಇಳಿಸಿದರು. 2007ರಲ್ಲಿ, ಹಳೆಯ ಯಂತ್ರಕ್ಕೆ ಜೋಡಿಸುವುದನ್ನು ಬಿಟ್ಟು, ಈ ಎಸ್ಕೇಪ್‌ಮೆಂಟಿಗಾಗಿಯೇ ಪೂರ್ತಿ ಹೊಸ ಯಂತ್ರ ಕಟ್ಟಿದರು. ಒಳ್ಳೆಯ ಕಲ್ಪನೆಯೂ ಕಾರ್ಖಾನೆಯಲ್ಲಿ ಪಕ್ವವಾಗಲು ಕಾಲ ಬೇಡುತ್ತದೆ. ಹೊಚ್ಚ ಹೊಸ ತಂತ್ರದ ಮೊದಲ ಮಾದರಿಯನ್ನು ಕೊಳ್ಳುವವನು ಸ್ವಲ್ಪ ಮಟ್ಟಿಗೆ ಪರೀಕ್ಷಕನೂ ಆಗಿರುತ್ತಾನೆ.

ಬಿದ್ದರೆ, ನೆನೆದರೆ

ಬ್ಯಾಲನ್ಸ್ ಚಕ್ರದ ಅಚ್ಚಿನ ತುದಿ ಸುಮಾರು ಒಂದು ಕೂದಲಿನಷ್ಟು ದಪ್ಪ. ಗಡಿಯಾರ ನೆಲಕ್ಕೆ ಬಿದ್ದಾಗ ಚಕ್ರದ ತೂಕವೆಲ್ಲ ಅದರ ಮೇಲೆ ಬೀಳುತ್ತದೆ. ಪ್ಯಾರಿಸಿನಲ್ಲಿ ನೆಲೆಸಿದ್ದ ಅಬ್ರಹಾಂ ಲೂಯಿ ಬ್ರೆಗೆ 1790ರ ಸುಮಾರಿಗೆ ಹರಳನ್ನು ಸಣ್ಣ ಸ್ಪ್ರಿಂಗಿನ ಮೇಲೆ ಕೂರಿಸುವ ಉಪಾಯ ಹೂಡಿದ. ಪೆಟ್ಟು ಬಿದ್ದಾಗ ಹರಳು ತುಸು ಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಇಂದಿನ ಎಲ್ಲ ಆಘಾತ ನಿರೋಧಕಗಳ ಮೂಲ ಇದೇ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಶುರುವಾದ ಎಚ್.ಎಂ.ಟಿ. ಗಡಿಯಾರಗಳ ಡಯಲ್ ಮೇಲೆ 'ಪ್ಯಾರಾಶಾಕ್' ಎಂದಿರುವುದನ್ನು ಹಲವು ಮನೆಗಳ ಮಕ್ಕಳು ಅಜ್ಜನ ಕೈಯಲ್ಲಿ ಓದಿರುತ್ತಾರೆ. ಅದೂ ಇದೇ ಜಾತಿಯ ಏರ್ಪಾಡು. ಆದರೂ ಇದು ರಕ್ಷಣೆಯೇ ಹೊರತು ವರವಲ್ಲ. ಕಲ್ಲಿನ ನೆಲಕ್ಕೆ ಬಿದ್ದ ಗಡಿಯಾರ ಓಡುತ್ತಿದ್ದರೂ ಕೆಲವು ದಿನ ಅದರ ಗತಿ ಗಮನಿಸಬೇಕು.

ನೀರಿನ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ಡಯಲ್ ಮೇಲೆ '30 ಮೀಟರ್' ಎಂದು ಕಂಡರೆ ಮೂವತ್ತು ಮೀಟರು ಆಳಕ್ಕೆ ಮುಳುಗಬಹುದೆಂದು ಅರ್ಥವಲ್ಲ. ಹತ್ತು ಮೀಟರು ನೀರಿನ ಒತ್ತಡ ಸುಮಾರು ಒಂದು ವಾಯುಭಾರಕ್ಕೆ ಸಮ. ಮೂವತ್ತು ಮೀಟರೆಂದರೆ ಮೂರು ವಾಯುಭಾರದ ಪರೀಕ್ಷೆ. ಅದೂ ಹೊಸ ಗಡಿಯಾರಕ್ಕೆ, ಪ್ರಯೋಗಾಲಯದಲ್ಲಿ. ಮಳೆಹನಿಗೆ, ಕೈ ತೊಳೆಯುವುದಕ್ಕೆ ಅದು ಸರಿ, ಈಜುವುದಕ್ಕಲ್ಲ. ನೀರು ತಡೆಯುವುದು ರಬ್ಬರಿನಂಥ ಉಂಗುರಗಳು. ಬೆವರು, ಸೋಪು, ಸ್ನಾನದ ಮನೆಯ ಬಿಸಿ ಹಬೆ ಅವನ್ನು ಮುದಿಯಾಗಿಸುತ್ತವೆ. 1927ರಲ್ಲಿ ಮರ್ಸಿಡೀಸ್ ಗ್ಲೈಟ್ಸ್ ಎಂಬ ಇಂಗ್ಲಿಷ್ ಈಜುಗಾರ್ತಿ ರೋಲೆಕ್ಸ್ ಗಡಿಯಾರವೊಂದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಯ ಕೊರೆಯುವ ನೀರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಈಜಿದಳು. ಚಳಿ ತಡೆಯಲಾರದೆ ಅಂದಿನ ಈಜು ಅರ್ಧಕ್ಕೇ ನಿಂತಿತು, ಗಡಿಯಾರ ನಿಲ್ಲಲಿಲ್ಲ. ಆ ಜಾಹೀರಾತು ಲೋಕಪ್ರಸಿದ್ಧವಾಯಿತು. ಆದರೆ ಅಂದು ಅದರ ಉಂಗುರಗಳು ಹೊಸವು, ಗುಂಡಿ ಬಿಗಿಯಾಗಿ ತಿರುಪಿದ್ದಿತು ಎಂಬುದನ್ನು ಮರೆಯಬಾರದು.

ಗಾಜಿನ ಒಳಗಡೆ ಮಂಜು ಕಟ್ಟಿದರೆ ಒಂದು ದಿನವೂ ಕಾಯಬಾರದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಹೊರಗಿನ ನೀರನ್ನು ತಡೆಯುವ ಮುಚ್ಚಳವೇ ಒಳಗಿನ ನೀರನ್ನೂ ಹೊರಬಿಡುವುದಿಲ್ಲ. ತುಕ್ಕು ಹಿಡಿಯಲು ಕೆಲವೇ ದಿನ ಸಾಕು.

ಇನ್ನೊಂದು ಅಪಾಯ ಮಾಲೀಕನ ಕೈಯಿಂದಲೇ. ರಾತ್ರಿ ಸುಮಾರು 9ರಿಂದ ಬೆಳಗಿನ ಜಾವ 3ರವರೆಗೆ ಅನೇಕ ಗಡಿಯಾರಗಳಲ್ಲಿ ತಾರೀಖು ಬದಲಿಸುವ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆ ಹೊತ್ತಿನಲ್ಲಿ ಗುಂಡಿಯಿಂದ ತಾರೀಖು ತಿರುಗಿಸಿದರೆ ಹಲ್ಲು ಮುರಿಯಬಹುದು. ಮುಳ್ಳುಗಳನ್ನು ಮೊದಲು ಆರೂವರೆಗೆ ತಂದು ಆಮೇಲೆ ತಾರೀಖು ಸರಿಪಡಿಸುವುದು ಕ್ಷೇಮ.

ಹತ್ತು ದಿನದ ನೋಟ್ ಪುಸ್ತಕ

ವಿದ್ಯಾರ್ಥಿಗಳಿಗೆ ಇದರಲ್ಲಿ ಖರ್ಚಿಲ್ಲದ ಒಂದು ಒಳ್ಳೆಯ ಪ್ರಾಜೆಕ್ಟ್ ಇದೆ. ಮನೆಯಲ್ಲಿ ಕೀ ಕೊಡುವ ಯಾವ ಗಡಿಯಾರವಿದ್ದರೂ ಸರಿ, ಅದು ಸ್ವಿಸ್ ಆಗಬೇಕಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಟ್ಟು, ಮೊಬೈಲಿನ ಸಮಯದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಸೆಕೆಂಡುಗಳಲ್ಲಿ ಬರೆಯಬೇಕು. ನಡುವೆ ಸರಿಪಡಿಸಬಾರದು. ಐದು ದಿನ ಡಯಲ್ ಮೇಲೆ ಮುಖವಾಗಿ, ಐದು ದಿನ ಗುಂಡಿ ಕೆಳಮುಖವಾಗಿ ನಿಲ್ಲಿಸಿ ಇಡಬೇಕು. ಎರಡು ಭಂಗಿಗಳಲ್ಲಿ ಗತಿ ಬೇರೆ ಬೇರೆ ಬರುವುದು ಸಾಮಾನ್ಯ, ಏಕೆಂದರೆ ಅಚ್ಚು ನಿಂತ ಬಗೆ ಬದಲಾದಾಗ ಘರ್ಷಣೆಯೂ ಬದಲಾಗುತ್ತದೆ. ಹಗಲು ಮುಂದೆ ಓಡುವ ಗಡಿಯಾರವನ್ನು ರಾತ್ರಿ ಹಿಂದೆ ಬೀಳುವ ಭಂಗಿಯಲ್ಲಿ ಮಲಗಿಸಿ ಲೆಕ್ಕ ಸರಿದೂಗಿಸುವ ಜಾಣರೂ ಇದ್ದಾರೆ.

ಈ ಪಟ್ಟಿಯಿಂದ ಕಲಿಯಬೇಕಾದ ಮುಖ್ಯ ಪಾಠ ಇನ್ನೊಂದು. ಒಂದು ಗಡಿಯಾರ ಪ್ರತಿದಿನ ತಪ್ಪದೆ 4 ಸೆಕೆಂಡು ಮುಂದೆ ಓಡುತ್ತದೆ. ಇನ್ನೊಂದು ಒಂದು ದಿನ 9 ಸೆಕೆಂಡು ಮುಂದೆ, ಮರುದಿನ 9 ಸೆಕೆಂಡು ಹಿಂದೆ. ಹತ್ತನೆಯ ದಿನ ಮೊದಲನೆಯದು 40 ಸೆಕೆಂಡು ತಪ್ಪಿರುತ್ತದೆ, ಎರಡನೆಯದು ಸರಿಯಾದ ಸಮಯ ತೋರಿಸುತ್ತಿರುತ್ತದೆ. ಆದರೂ ನಂಬಬೇಕಾದ್ದು ಮೊದಲನೆಯದನ್ನು. ಅದರ ತಪ್ಪು ಗೊತ್ತಿರುವ ತಪ್ಪು, ಕಳೆದು ಲೆಕ್ಕ ಹಾಕಬಹುದು. ಸಣ್ಣ ತಿದ್ದುಪಡಿಯಿಂದ ಅದನ್ನು ಸರಿಮಾಡಲೂ ಬಹುದು. ಎರಡನೆಯದರಲ್ಲಿ ಏನೋ ಕೆಟ್ಟಿದೆ.

ಇದು ಬರಿಯ ಪಾಂಡಿತ್ಯವಲ್ಲ. ಹಡಗಿನವರು ಪೂರ್ವ ಪಶ್ಚಿಮ ಸ್ಥಾನ ತಿಳಿಯಲು ಗಡಿಯಾರವನ್ನೇ ನಂಬಬೇಕಿದ್ದ ಕಾಲವೊಂದಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ 4 ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಹಡಗಿನ ಲೆಕ್ಕ ಸುಮಾರು 1.85 ಕಿಲೋಮೀಟರು ತಪ್ಪುತ್ತದೆ. ಬಂಡೆಗಳ ನಡುವೆ ಅಷ್ಟು ತಪ್ಪು ಪ್ರಾಣಕ್ಕೇ ಎರವು. ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್ ಮಾಡಿದ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹೊರಟಿತು. ದಿನವಹಿ ಗತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆ, 81 ದಿನಗಳಲ್ಲಿ ಅದು ತಪ್ಪಿದ್ದು ಐದು ಸೆಕೆಂಡಿನ ಆಸುಪಾಸು.

ರಿಪೇರಿಯವನ ಮುಂದೆ ನಿಂತಾಗ ಈ ನೋಟ್ ಪುಸ್ತಕವೇ ಸಾಕ್ಷಿ. 'ಯಾಕೋ ಸರಿಯಿಲ್ಲ' ಎನ್ನುವ ಗಿರಾಕಿಗೂ 'ಮಲಗಿಸಿದರೆ 3 ಸೆಕೆಂಡು ಮುಂದೆ, ನಿಲ್ಲಿಸಿದರೆ 25 ಸೆಕೆಂಡು ಹಿಂದೆ' ಎನ್ನುವ ಗಿರಾಕಿಗೂ ಸಿಗುವ ಉತ್ತರ ಬೇರೆ ಬೇರೆ.

ಯಾರು ರಿಪೇರಿ ಮಾಡಬೇಕು?

ಇಲ್ಲಿ ವಿಜ್ಞಾನ ಮುಗಿದು ವ್ಯಾಪಾರ ಶುರುವಾಗುತ್ತದೆ. ದುಬಾರಿ ಗಡಿಯಾರದ ಅನೇಕ ಕಂಪನಿಗಳು ಬಿಡಿ ಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ ಕೊಡುತ್ತವೆ. ಮೂಲೆಯಂಗಡಿಯ ರಿಪೇರಿಯವನಿಗೆ ಎಷ್ಟೇ ಕೈಚಳಕವಿದ್ದರೂ ಭಾಗವೇ ಸಿಗದಿದ್ದರೆ ಏನು ಮಾಡಿಯಾನು? ಯುರೋಪಿನ ಗಡಿಯಾರ ದುರಸ್ತಿಗಾರರ ಸಂಘಗಳ ಒಕ್ಕೂಟ 2004ರಲ್ಲಿ ಯುರೋಪಿಯನ್ ಕಮಿಷನ್‌ಗೆ ಇದೇ ದೂರು ಕೊಟ್ಟಿತು. 2008ರಲ್ಲಿ ದೂರು ತಿರಸ್ಕೃತವಾಯಿತು. 2010ರಲ್ಲಿ ನ್ಯಾಯಾಲಯ ಆ ತಿರಸ್ಕಾರವನ್ನೇ ರದ್ದು ಮಾಡಿತು. ಮತ್ತೆ ವಿಚಾರಣೆ ನಡೆದು 2014ರಲ್ಲಿ ಮತ್ತೆ ತಿರಸ್ಕಾರ. 2017ರಲ್ಲಿ ನ್ಯಾಯಾಲಯ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಹದಿಮೂರು ವರ್ಷ ಹೋರಾಡಿ ದುರಸ್ತಿಗಾರರು ಸೋತರು. ಗುಣಮಟ್ಟ ಕಾಯಲು ಮತ್ತು ನಕಲಿ ತಡೆಯಲು ಈ ಬಿಗಿ ಬೇಕೆಂಬುದು ಕಂಪನಿಗಳ ವಾದ. ಕೊಂಡವನಿಗೆ ತನ್ನ ವಸ್ತುವನ್ನು ಎಲ್ಲಿ ಬೇಕಾದರೂ ಸರಿಮಾಡಿಸುವ ಹಕ್ಕಿರಬೇಕೆಂಬುದು ದುರಸ್ತಿಗಾರರ ವಾದ. ಎರಡರಲ್ಲೂ ಹುರುಳಿದೆ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಜಾಲತಾಣ ತೆರೆದಾಗ ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳನ್ನು ಆರಿಸಿಕೊಂಡಿತ್ತು. ಕೈಗಡಿಯಾರ ಅದರಲ್ಲಿ ಪ್ರತ್ಯೇಕ ವಿಭಾಗವಾಗಿರಲಿಲ್ಲ.

ಆದ್ದರಿಂದ ಕೊಳ್ಳುವ ದಿನವೇ ಕೇಳಬೇಕಾದ ಪ್ರಶ್ನೆಗಳಿವೆ. ಗ್ಯಾರಂಟಿ ಎಷ್ಟು ವರ್ಷ? ಸರ್ವೀಸ್ ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಖರ್ಚು? ಗಡಿಯಾರ ಊರಲ್ಲೇ ರಿಪೇರಿಯಾಗುತ್ತದೆಯೋ, ಹೊರದೇಶಕ್ಕೆ ಹೋಗಬೇಕೋ? ಹೋದರೆ ಎಷ್ಟು ತಿಂಗಳು? ಲಕ್ಷದ ಗಡಿಯಾರದ ಸರ್ವೀಸಿಗೆ ಹತ್ತಾರು ಸಾವಿರ ಬೀಳುವುದುಂಟು. ಹಾಲು ಕೊಡುವ ಹಸುವಿಗೂ ಮೇವಿನ ಖರ್ಚಿದೆ, ಇದು ಹಾಲೂ ಕೊಡದ ಹಸು.

ರಿಪೇರಿಗೆ ಕೊಡುವಾಗಲೂ ನಾಲ್ಕು ಮಾತು ನೆನಪಿರಲಿ. ಗಡಿಯಾರದ ಮೇಲಿನ ಸಂಖ್ಯೆ, ಗೀರುಗಳ ಸಮೇತ ರಸೀತಿಯಲ್ಲಿ ಬರೆಸಬೇಕು. ಏನೇನು ಕೆಲಸ, ಎಷ್ಟು ಹಣ ಎಂಬುದು ಮೊದಲೇ ಬರವಣಿಗೆಯಲ್ಲಿರಬೇಕು. ಬದಲಿಸಿದ ಹಳೆಯ ಭಾಗಗಳನ್ನು ವಾಪಸು ಕೊಡುತ್ತಾರೆಯೇ ಎಂದು ಕೇಳಿಟ್ಟುಕೊಳ್ಳಬೇಕು. ಹಿಂದಿರುಗಿ ಪಡೆಯುವಾಗ ಗತಿ ಮಾಪಕ ಯಂತ್ರದಲ್ಲಿ ತೋರಿಸಿ ಎನ್ನಬೇಕು. ಅದು ಬಡಿತದ ಸದ್ದು ಕೇಳಿ ದಿನಕ್ಕೆಷ್ಟು ಸೆಕೆಂಡು ತಪ್ಪು, ತೂಗಾಟ ಎಷ್ಟು ಡಿಗ್ರಿ ಎಂದು ಪರದೆಯ ಮೇಲೆ ಬರೆದು ತೋರಿಸುತ್ತದೆ. ವ್ಯಾಜ್ಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಗ್ರಾಹಕ ಆಯೋಗವಿದೆ. ಎರಡೂ ಕಡೆ ಕೇಳುವುದು ರಸೀತಿಯನ್ನೇ.

ತಂದೆತಾಯಿಗಳಿಗೂ ಒಂದು ಮಾತು. ಒಳ್ಳೆಯ ಅಂಕ ಪಡೆದ ಮಗನಿಗೋ ಮಗಳಿಗೋ ದುಬಾರಿ ಗಡಿಯಾರ ಕೊಡಿಸುವ ಆಸೆ ತಪ್ಪಲ್ಲ. ಆದರೆ ಪರೀಕ್ಷೆಯ ಕೋಣೆಯಲ್ಲಿ ಮೂರು ಗಂಟೆ ಸರಿಯಾಗಿ ತೋರಿಸಲು ಬ್ಯಾಟರಿ ವಾಚೇ ಸಾಕು. ಬದಲಿಗೆ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಎಚ್.ಎಂ.ಟಿ. ಜನತಾ ಇದ್ದರೆ ಅದನ್ನು ತೊಳೆಸಿ ಎಣ್ಣೆ ಹಾಕಿಸಿ ಕೊಟ್ಟು ನೋಡಬಹುದು. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಅದರ ಯಂತ್ರ ಸರಳವಾದ್ದರಿಂದ, ಹಳೆಯ ವಾಚುಗಳಿಂದ ಬಿಡಿ ಭಾಗ ಸಿಗುವುದರಿಂದ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಪೇಟೆಬೀದಿಗಳಲ್ಲಿ ಇನ್ನೂ ಇವೆ. ದಿನಾ ಬೆಳಿಗ್ಗೆ ಕೀ ಕೊಡುವ, ಸೆಕೆಂಡು ಬರೆದಿಡುವ ಅಭ್ಯಾಸ ಮಕ್ಕಳಿಗೆ ಬಂದರೆ ಅದೇ ದೊಡ್ಡ ಲಾಭ. ಮುಂದೆ ಅವರು ಸ್ವಂತ ದುಡಿಮೆಯಲ್ಲಿ ಲಕ್ಷದ ಗಡಿಯಾರ ಕೊಂಡರೂ, ಕೊಳ್ಳದೆ ಇದ್ದರೂ, ಅದರ ಐದು ಸೆಕೆಂಡಿನ ತಪ್ಪಿಗೆ ಹೆದರುವುದಿಲ್ಲ, ಯಾರ ಮಾತಿಗೂ ಸುಮ್ಮನೆ ತಲೆಯಾಡಿಸುವುದಿಲ್ಲ.